ಟ್ಯೂಬಿಂಗನ್: ಕಿಟೆಲ್‌ರ ಕೊನೆಯ ಊರು

ಜರ್ಮನಿಯ ನೈಋತ್ಯ ಭಾಗದಲ್ಲಿ, ಸ್ಟುಟ್‌ಗಾರ್ಟ್ ಮಹಾನಗರದ ದಕ್ಷಿಣಕ್ಕೆ, ನೆಕರ್ ನದಿಯ ದಂಡೆಯಲ್ಲಿರುವ ಪುರಾತನ ವಿದ್ಯಾನಗರವೇ ಟ್ಯೂಬಿಂಗನ್. ಇಲ್ಲಿಯ ವಿಶ್ವವಿದ್ಯಾನಿಲಯವು 1477ರಲ್ಲಿ ಸ್ಥಾಪನೆಗೊಂಡಿತು. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಗೆ ಹೆಚ್ಚಾಗಿ ಸಿಲುಕದ ಕಾರಣ ಮರದ ಚೌಕಟ್ಟಿನ ಹಳೆಯ ಮನೆಗಳು ಇಲ್ಲಿ ಸಾಲುಸಾಲಾಗಿ ಉಳಿದುಕೊಂಡಿವೆ. ಯುರೋಪ್ ಪ್ರವಾಸಕ್ಕೆ ಹೊರಡುವ ನಮ್ಮವರು ಬರ್ಲಿನ್, ಮ್ಯೂನಿಕ್‌ಗಳನ್ನು ನೋಡಿ ಹಿಂದಿರುಗುವುದೇ ವಾಡಿಕೆ. ಆದರೆ ಕನ್ನಡಿಗರಿಗೆ ಅವುಗಳಿಗಿಂತ ಹತ್ತಿರದ ಊರು ಇದು.

ಮಂಗಳೂರಿನಲ್ಲಿ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದ ಹೆರ್ಮನ್ ಮೋಗ್ಲಿಂಗ್ ಧರ್ಮಶಾಸ್ತ್ರವನ್ನು ಓದಿದ್ದು ಇಲ್ಲಿಯೇ. ಅವರ ಕನ್ನಡ ಸೇವೆಯನ್ನು ಮನ್ನಿಸಿ ಈ ವಿಶ್ವವಿದ್ಯಾನಿಲಯವು 1858ರಲ್ಲಿ ಗೌರವ ಡಾಕ್ಟರೇಟ್ ನೀಡಿತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಕನ್ನಡ-ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನಂಡ್ ಕಿಟೆಲ್‌ರಿಗೂ 1896ರಲ್ಲಿ ಅದೇ ಗೌರವ ಸಂದಿತು. ತಮ್ಮ ಕೊನೆಯ ವರ್ಷಗಳನ್ನು ಈ ಊರಿನಲ್ಲಿ ಕಳೆದ ಕಿಟೆಲ್‌ರು, ಕನ್ನಡ ವ್ಯಾಕರಣ ಗ್ರಂಥವು ಅಚ್ಚಾದ 1903ರಲ್ಲಿಯೇ ಇಲ್ಲಿ ನಿಧನರಾದರು. ಕನ್ನಡದ ಸುಮಾರು 70,000 ಪದಗಳನ್ನು ಕೂಡಿಟ್ಟ ಆ ಜೀವ ಓಡಾಡಿದ ಬೀದಿಗಳೆಂಬ ಭಾವನೆಯಿಂದ ನಡೆದರೆ, ಈ ಊರು ಬೇರೆಯಾಗಿಯೇ ಕಾಣುವುದೆಂದು ನಮ್ಮ ಅನಿಸಿಕೆ.

ಮಾರುಕಟ್ಟೆ ಚೌಕದಲ್ಲಿರುವ ಪುರಭವನವು 1435ರದು. ಅದರ ಖಗೋಳ ಗಡಿಯಾರವು 1511ರದು. ಅಲ್ಲಿಂದ ಕಲ್ಲುಹಾಸಿನ ಏರುದಾರಿಯಲ್ಲಿ ಹೋದರೆ ಹೋಹೆನ್‌ಟ್ಯೂಬಿಂಗನ್ ಕೋಟೆ. ಮೊಣಕಾಲು ನೋವಿನವರು ನಿಧಾನವಾಗಿ ಹತ್ತಬೇಕು, ಆದರೆ ತಪ್ಪಿಸಬಾರದು. ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಫೋಗೆಲ್‌ಹೆರ್ಡ್ ಗುಹೆಯಲ್ಲಿ 1931ರಲ್ಲಿ ದೊರೆತ, ಬೃಹದ್ಗಜದ ದಂತದಲ್ಲಿ ಕೆತ್ತಿದ ಪುಟ್ಟ ಕುದುರೆಯಿದೆ. ಉದ್ದ ಐದು ಸೆಂಟಿಮೀಟರಿಗೂ ಕಡಿಮೆ. ವಯಸ್ಸು ಮೂವತ್ತು ಸಾವಿರ ವರ್ಷಗಳಿಗೂ ಮಿಗಿಲು. ಕತ್ತಿನ ಬಾಗು ನೋಡಿದರೆ ಕೆತ್ತಿದವನು ಕುದುರೆಯನ್ನು ಬಲ್ಲವನೆಂದು ತಿಳಿಯುತ್ತದೆ. ಆ ಗುಹೆಗಳು 2017ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಇದೇ ಕೋಟೆಯ ಹಳೆಯ ಅಡುಗೆಮನೆಯು ಹತ್ತೊಂಬತ್ತನೆಯ ಶತಮಾನದಲ್ಲಿ ರಸಾಯನ ಪ್ರಯೋಗಾಲಯವಾಗಿತ್ತು. 1869ರಲ್ಲಿ ಫ್ರೀಡ್ರಿಶ್ ಮೀಷರ್ ಎಂಬ ಯುವಕ ಆಸ್ಪತ್ರೆಯ ಗಾಯದ ಪಟ್ಟಿಗಳಿಂದ ಕೀವನ್ನು ತೊಳೆದು ತೆಗೆದು, ಅದರ ಜೀವಕೋಶಗಳಲ್ಲಿ 'ನ್ಯೂಕ್ಲಿನ್' ಎಂಬ ಪದಾರ್ಥವನ್ನು ಕಂಡುಹಿಡಿದ. ಇಂದು ಎಲ್ಲರ ಬಾಯಲ್ಲಿರುವ ಡಿ.ಎನ್.ಎ. ಮೊದಲು ಬೆಳಕಿಗೆ ಬಂದದ್ದು ಹೀಗೆ. ಆ ಕೊಠಡಿಯೂ ಈಗ ಪ್ರದರ್ಶನಾಲಯ.

ನದಿಯಂಚಿನ ಹಳದಿ ಗೋಪುರದಲ್ಲಿ ಕವಿ ಫ್ರೀಡ್ರಿಶ್ ಹೋಲ್ಡರ್‌ಲಿನ್, ಚಿತ್ತಸ್ವಾಸ್ಥ್ಯ ಕೆಟ್ಟ ಮೇಲೆ, 1807ರಿಂದ 1843ರವರೆಗೆ 36 ವರ್ಷ ಬಾಳಿದ. ಅವನನ್ನು ಸಾಕಿದವರು ಬಡಗಿಯೊಬ್ಬನ ಮನೆಯವರು. 1875ರಲ್ಲಿ ಸುಟ್ಟುಹೋದ ಗೋಪುರವನ್ನು ಮತ್ತೆ ಕಟ್ಟಲಾಯಿತು. ಈಗ ಅದು ಕವಿಯ ಸ್ಮಾರಕ ವಸ್ತುಸಂಗ್ರಹಾಲಯ.

ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣ. ಬೆಳಗ್ಗೆ ಹೋಗಿ ಸಂಜೆಗೆ ಮರಳಬಹುದು. ಜರ್ಮನಿಯ ಬಹುತೇಕ ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆಯಿರುವುದರಿಂದ ಆ ದಿನವನ್ನು ಆರಿಸಿಕೊಳ್ಳದಿರುವುದು ಲೇಸು. ಬೇಸಿಗೆಯಲ್ಲಾದರೆ ಉದ್ದನೆಯ ಗಳುವಿನಿಂದ ನೂಕುವ ಚಪ್ಪಟೆ ದೋಣಿಗಳಲ್ಲಿ ಕುಳಿತು ಗೋಪುರವನ್ನು ನೀರಿನ ಕಡೆಯಿಂದಲೂ ನೋಡಬಹುದು.