ಹಾಸಿಗೆ ಬಿಟ್ಟೇಳುವ ವಿದ್ಯೆ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬುದು ದುಡಿಯದ ಮಗನಿಗೆ ಹೇಳುವ ಗಾದೆ. ಕಾಯಿಲೆಯವರಿಗೆ ಮಾತ್ರ ಅದರಿಂದ ವಿನಾಯಿತಿ. ನಮ್ಮ ಮನೆಗಳಲ್ಲಿ ಜ್ವರದವನು ನೀರು ಕುಡಿಯಲು ಎದ್ದರೂ “ನೀನ್ಯಾಕೆ ಎದ್ದೆ, ಮಲಕ್ಕೊ” ಎಂದು ಗದರಲು ನಾಲ್ಕು ಮಂದಿ ಇರುತ್ತಾರೆ. ಅದು ಪ್ರೀತಿಯ ಗದರಿಕೆಯೇ. ಆದರೆ ದೇಹದ ಲೆಕ್ಕ ಬೇರೆ. ಮೈಯ ಸ್ನಾಯುವೂ ಒಂದು ಕುಡಿಕೆ ಹೊನ್ನು. ಮಲಗಿದವನಲ್ಲಿ ಅದು ದಿನದಿನಕ್ಕೂ ಕರಗುತ್ತದೆ. ಈ ಮಾತನ್ನು ಒಪ್ಪಲು ವೈದ್ಯಶಾಸ್ತ್ರಕ್ಕೂ ನೂರು ವರ್ಷ ಬೇಕಾಯಿತು. ಒಪ್ಪಿದ ಮೇಲೂ ಅದರ ಲಾಭ ತೀರ ತಡವಾಗಿ ತಲುಪಿದ್ದು ಮೂಳೆಮಜ್ಜೆಯ ಕಸಿ ಮಾಡಿಸಿಕೊಂಡವರಿಗೆ.

ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಿಲ್ಟನ್ 1863ರಲ್ಲಿ ವಿಶ್ರಾಂತಿಯನ್ನೇ ಮದ್ದೆಂದು ಸಾರುವ ಪುಸ್ತಕವೊಂದನ್ನು ಪ್ರಕಟಿಸಿದರು. ಮುಂದಿನ ಹಲವು ತಲೆಮಾರುಗಳ ವೈದ್ಯರು ಅದನ್ನು ನಂಬಿದರು. ಹೃದಯಾಘಾತವಾದವರನ್ನು ನಾಲ್ಕರಿಂದ ಆರು ವಾರ ಅಂಗಾತ ಮಲಗಿಸುತ್ತಿದ್ದರು. 1947ರಲ್ಲಿ ರಿಚರ್ಡ್ ಆಷರ್ ಎಂಬ ಬ್ರಿಟಿಷ್ ವೈದ್ಯರು ಹಾಸಿಗೆ ಹಿಡಿಯುವುದರ ಅಪಾಯಗಳ ಮೇಲೆ ಲೇಖನ ಬರೆದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಬೆನ್ನಿನ ಹುಣ್ಣು, ಸವೆಯುವ ಮೂಳೆ, ಮಂಕಾಗುವ ಮನಸ್ಸು, ಎಲ್ಲವೂ ಅದರಲ್ಲಿದ್ದವು. 1952ರಲ್ಲಿ ಅಮೆರಿಕದ ಲೆವಿನ್ ಮತ್ತು ಲೌನ್ ಹೃದಯಾಘಾತದ ರೋಗಿಗಳನ್ನು ಮೊದಲ ದಿನಗಳಲ್ಲೇ ಆರಾಮಕುರ್ಚಿಯಲ್ಲಿ ಕೂರಿಸಿದ ವರದಿ ಕೊಟ್ಟರು.

1966ರಲ್ಲಿ ಡಲ್ಲಾಸ್‌ನಲ್ಲಿ ನಡೆದ ಪ್ರಯೋಗ ಇನ್ನೂ ಸ್ಪಷ್ಟ. ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಮಲಗಿಸಿದರು. ಅವರ ದಮ್ಮು ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷದ ಬಳಿಕ ಅದೇ ಐವರನ್ನು ಹುಡುಕಿ ಪರೀಕ್ಷಿಸಿದರೆ, ಮೂವತ್ತು ವರ್ಷದ ಮುಪ್ಪಿಗಿಂತ ಆ ಮೂರು ವಾರದ ಮಂಚವೇ ಅವರನ್ನು ಹೆಚ್ಚು ಸೋಲಿಸಿತ್ತು.

ಕಾಯಿಲೆಯಿಲ್ಲದ ಹುಡುಗರ ಗತಿಯೇ ಹೀಗಾದರೆ ಮಜ್ಜೆಯ ಕಸಿಯಾದವರ ಪಾಡೇನು? ಮಜ್ಜೆ ನಮ್ಮ ರಕ್ತ ತಯಾರಾಗುವ ಅಡುಗೆಮನೆ. ಅದು ಕ್ಯಾನ್ಸರಿನಿಂದ ಕೆಟ್ಟಾಗ ಭಾರಿ ಔಷಧಿಯಿಂದ, ಕೆಲವೊಮ್ಮೆ ವಿಕಿರಣದಿಂದ, ಪೂರ್ತಿ ಬರಿದುಮಾಡಿ, ರಕ್ತದ ಬೀಜವೆನ್ನಬಹುದಾದ ಆಕರಕೋಶಗಳನ್ನು ನರದೊಳಗೆ ಡ್ರಿಪ್ ಮೂಲಕ ಬಿಡುತ್ತಾರೆ. ಅವು ತಾವಾಗಿಯೇ ಮೂಳೆಯೊಳಗೆ ದಾರಿ ಹುಡುಕಿಕೊಂಡು ನೆಲೆಸುತ್ತವೆ. ಹೊಸ ರಕ್ತ ಬರಲು ಎರಡು ಮೂರು ವಾರವಾದರೂ ಬೇಕು. ಅಲ್ಲಿಯವರೆಗೆ ಬಿಳಿರಕ್ತಕಣಗಳಿಲ್ಲ, ರೋಗ ತಡೆಯುವ ಶಕ್ತಿಯಿಲ್ಲ. ಒಂಟಿ ಕೋಣೆ, ಬಾಯಿಹುಣ್ಣು, ವಾಂತಿ, ಭೇದಿ, ಜ್ವರ.

ಇ. ಡೊನಾಲ್ ಥಾಮಸ್ ಇದರ ಮೊದಲ ವರದಿ ಕೊಟ್ಟದ್ದು 1957ರಲ್ಲಿ. ಆ ರೋಗಿಗಳು ಯಾರೂ ಹೆಚ್ಚು ದಿನ ಉಳಿಯಲಿಲ್ಲ. ಥಾಮಸ್‌ಗೆ ನೊಬೆಲ್ ಬಂದದ್ದು 1990ರಲ್ಲಿ. ಜೀವ ಉಳಿಯುವುದೇ ಅನುಮಾನವಾಗಿದ್ದ ಕಾಲದಲ್ಲಿ ತೊಡೆಯ ಸ್ನಾಯುವಿನ ಚಿಂತೆ ಯಾರಿಗಿದ್ದೀತು? ಬದುಕಿ ಮನೆಗೆ ಹೋದವರು ಹೆಚ್ಚಾದ ಮೇಲೆ ಆ ಪ್ರಶ್ನೆ ಎದ್ದಿತು. ಕಾಯಿಲೆ ಹೋಯಿತು, ಮೆಟ್ಟಿಲು ಹತ್ತಲು ಆಗುವುದಿಲ್ಲವಲ್ಲ!

1986ರಲ್ಲಿ ಸಿಯಾಟಲ್‌ನಿಂದ ಒಂದು ಸಣ್ಣ ಅಧ್ಯಯನ ಪ್ರಕಟವಾಯಿತು. ನರದ ಮೂಲಕವೇ ಪೂರ್ತಿ ಆಹಾರ ಪಡೆಯುತ್ತಿದ್ದ ಕಸಿರೋಗಿಗಳಿಗೆ ಕೈಕಾಲಿನ ಕಸರತ್ತು ಮಾಡಿಸಿದಾಗ ಸ್ನಾಯುವಿನ ಸವೆತ ಕಡಿಮೆಯಾದ ಸೂಚನೆ ಸಿಕ್ಕಿತು. ನಮ್ಮ ಗಾದೆಗೆ ಇದಕ್ಕಿಂತ ಸಾಕ್ಷಿ ಬೇಕೆ! 1997ರಲ್ಲಿ ಜರ್ಮನಿಯ ಫ್ರೈಬರ್ಗ್‌ನ ಫರ್ನಾಂಡೊ ಡಿಮೆಯೊ ಮತ್ತು ಸಂಗಡಿಗರು ಇನ್ನೂ ಧೈರ್ಯದ ಕೆಲಸ ಮಾಡಿದ್ದನ್ನು ವರದಿ ಮಾಡಿದರು. ತಮ್ಮದೇ ಆಕರಕೋಶಗಳನ್ನು ಮರಳಿ ಪಡೆದ 70 ರೋಗಿಗಳಲ್ಲಿ 33 ಮಂದಿ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅಂಗಾತ ಮಲಗಿಯೇ ದಿನಕ್ಕೆ ಅರ್ಧ ಗಂಟೆ ಪೆಡಲ್ ತುಳಿದರು, ನಡುನಡುವೆ ಬಿಡುವು ಕೊಟ್ಟು. ತುಳಿಯದವರ ತ್ರಾಣ ಹೆಚ್ಚು ಕುಸಿದಿತ್ತು. ತುಳಿದವರಿಗೆ ನೋವು, ಭೇದಿ ಕಡಿಮೆ, ಮನೆಗೆ ಹೋದದ್ದೂ ಬೇಗ. ಅವರ ಬಿಳಿರಕ್ತಕಣಗಳೂ ಬೇಗ ಮರಳಿದವು ಎಂಬುದು ಮುಂದಿನ ಅಧ್ಯಯನಗಳಲ್ಲಿ ಅಷ್ಟು ಗಟ್ಟಿಯಾಗಿ ಕಾಣಲಿಲ್ಲ. ಆದರೆ ಸುಸ್ತು ಇಳಿಯುವುದು, ತ್ರಾಣ ಉಳಿಯುವುದು ಮತ್ತೆ ಮತ್ತೆ ಕಂಡಿತು. 2011ರಲ್ಲಿ ಹೈಡೆಲ್‌ಬರ್ಗ್‌ನವರು, ಬೇರೆಯವರಿಂದ ಕೋಶ ಪಡೆದ 105 ರೋಗಿಗಳ ಅಧ್ಯಯನದಲ್ಲಿ, ಕಸಿಗೆ ಮುಂಚೆಯೇ ಮನೆಯಲ್ಲಿ ವ್ಯಾಯಾಮ ಆರಂಭಿಸಿ ಬಿಡುಗಡೆಯ ನಂತರವೂ ಮುಂದುವರಿಸಿದರೆ ಸುಸ್ತು ತಗ್ಗುತ್ತದೆಂದು ತೋರಿಸಿದರು.

ನಮ್ಮ ದೇಶದಲ್ಲಿ ಮೊದಲ ಮಜ್ಜೆಯ ಕಸಿ ಆದದ್ದು 1983ರಲ್ಲಿ, ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ. ಮಾಡಿದವರು ಡಾ. ಸುರೇಶ್ ಅಡ್ವಾಣಿ. ಬಾಲ್ಯದಲ್ಲೇ ಪೋಲಿಯೊ ತಗುಲಿ ಗಾಲಿಕುರ್ಚಿಯಲ್ಲೇ ಓಡಾಡಿದವರು. ಚಲನೆಯೆಂದರೆ ನಡಿಗೆ ಮಾತ್ರವಲ್ಲ ಎಂಬುದಕ್ಕೆ ಅವರ ಬದುಕೇ ಸಾಕು. ನಮ್ಮವರಿಗೆ ಹತ್ತಿರದ ವೆಲ್ಲೂರಿನಲ್ಲಿ 1986ರಲ್ಲಿ ಈ ಚಿಕಿತ್ಸೆ ಶುರುವಾಯಿತು.

ಹಾಗೆಂದು ರೋಗಿಯನ್ನು ಗರಡಿಮನೆಗೆ ಅಟ್ಟಬೇಕಿಲ್ಲ. ಪ್ಲೇಟ್‌ಲೆಟ್ ತೀರ ಇಳಿದಾಗ ಭಾರ ಎತ್ತಿದರೆ ರಕ್ತಸ್ರಾವದ ಭಯ. ಜ್ವರ, ತಲೆಸುತ್ತು ಇದ್ದ ದಿನ ಸುಮ್ಮನಿರಬೇಕು. ಸ್ಟಿರಾಯ್ಡ್ ನುಂಗುವವರ ತೊಡೆ ಬೇಗ ಸೋಲುತ್ತದೆ. ನೆಲದ ಮೇಲೆ ಕೂತು ಉಣ್ಣುವ ನಮ್ಮವರಿಗೆ ಕೈಯೂರದೆ ಏಳುವುದೇ ದೊಡ್ಡ ಪರೀಕ್ಷೆ. ಎಷ್ಟು, ಯಾವಾಗ ಎಂಬುದನ್ನು ವೈದ್ಯರೇ ಹೇಳಬೇಕು.

ಕಸಿಯಾದವರ ಸುಸ್ತು ತಿಂಗಳುಗಟ್ಟಲೆ ಇರುತ್ತದೆ. ನಿದ್ದೆಯಿಂದ ಹೋಗುವ ಸುಸ್ತಲ್ಲ ಅದು. ಔಷಧಿ, ಡ್ರಿಪ್, ರಕ್ತ, ಎಲ್ಲವನ್ನೂ ಇನ್ನೊಬ್ಬರು ಕೊಡಬೇಕಾದ ಆ ಕೋಣೆಯಲ್ಲಿ ರೋಗಿ ತಾನೇ ಮಾಡಿಕೊಳ್ಳಬಹುದಾದ ಕೆಲಸ ಇದೊಂದು. ಪಕ್ಕದಲ್ಲಿ ಕೂತವರು “ಮಲಕ್ಕೊ” ಎನ್ನುವ ಬದಲು “ಏಳು, ಬಾಗಿಲ ತನಕ ಹೋಗಿ ಬರೋಣ, ನಾನೂ ಬರ್ತೀನಿ” ಎಂದರೆ ಪ್ರೀತಿಗೇನೂ ಕೊರತೆಯಾಗದು.