ಲಂಡಿ ಖಾನಾ ಎಲ್ಲಿದೆ?

ನಮ್ಮ ಪಠ್ಯಪುಸ್ತಕಗಳಲ್ಲಿ 1971ರ ಯುದ್ಧಕ್ಕೆ ದೊರೆಯುವುದು ಹೆಚ್ಚೆಂದರೆ ಅರ್ಧ ಪುಟ. ಡಿಸೆಂಬರ್ 3ರಂದು ಆರಂಭ, 16ರಂದು ಢಾಕಾದಲ್ಲಿ ಪಾಕಿಸ್ತಾನಿ ಸೇನೆಯ ಶರಣಾಗತಿ, ಬಾಂಗ್ಲಾದೇಶದ ಉದಯ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಯುದ್ಧ ಮುಗಿದ ಮೇಲೂ ಸುಮಾರು ಒಂದು ವರ್ಷ ಮನೆಗೆ ಮರಳಲಾಗದೆ ಉಳಿದ ನಮ್ಮ ಯೋಧರಿದ್ದರು. ಅವರಲ್ಲೊಬ್ಬರು ಭಾರತೀಯ ವಾಯುಸೇನೆಯ ಫ್ಲೈಟ್ ಲೆಫ್ಟಿನೆಂಟ್ ದಿಲೀಪ್ ಪಾರುಲ್ಕರ್. ಅವರ ಕಥೆಯನ್ನು ನೀವು ತಿಳಿಯಬೇಕು, ಅದರಲ್ಲೂ ಭೂಗೋಳ ಎಂದರೆ ಮೂಗು ಮುರಿಯುವವರು!

1963ರಲ್ಲಿ ವಾಯುಸೇನೆ ಸೇರಿದ ಪಾರುಲ್ಕರ್ ಎರಡೇ ವರ್ಷಗಳಲ್ಲಿ ಯುದ್ಧ ಕಂಡರು. 1965ರ ಒಂದು ದಾಳಿಯಲ್ಲಿ ಶತ್ರುವಿನ ಗುಂಡು ಅವರ ವಿಮಾನಕ್ಕೆ ಬಡಿದು ಬಲ ಭುಜ ಗಾಯಗೊಂಡಿತು. ವಿಮಾನ ಬಿಟ್ಟು ಧುಮುಕುವಂತೆ ತಂಡದ ನಾಯಕರು ಸೂಚಿಸಿದರೂ ಅವರು ಅದನ್ನು ನೆಲೆಗೆ ತಂದು ಇಳಿಸಿದರು. ಅದಕ್ಕಾಗಿ ವಾಯುಸೇನಾ ಪದಕ ದೊರೆಯಿತು.

1971ರ ಡಿಸೆಂಬರ್ 10ರಂದು ಅದೃಷ್ಟ ಕೈಕೊಟ್ಟಿತು. ಝಫರ್‌ವಾಲ್ ಬಳಿ ಅವರ ಸುಖೋಯ್-7 ವಿಮಾನವನ್ನು ಹೊಡೆದುರುಳಿಸಲಾಯಿತು. ಪ್ಯಾರಾಚೂಟ್‌ನಲ್ಲಿ ಇಳಿದದ್ದು ಪಾಕಿಸ್ತಾನದ ನೆಲಕ್ಕೆ. ಅಲ್ಲಿಂದ ಅವರನ್ನು ರಾವಲ್ಪಿಂಡಿಯ ಕೈದಿ ಶಿಬಿರಕ್ಕೆ ಒಯ್ದರು. ಹನ್ನೆರಡು ಮಂದಿ ಭಾರತೀಯ ಪೈಲಟ್‌ಗಳು ಅಲ್ಲಿ ಒಟ್ಟಾದರು.

ಯುದ್ಧಕೈದಿ ಎಂದರೆ ಅಪರಾಧಿಯಲ್ಲ ಎಂಬುದನ್ನು ನಮ್ಮಲ್ಲಿ ಅನೇಕರು ಮರೆಯುತ್ತಾರೆ. 1949ರ ಜಿನೀವಾ ಒಪ್ಪಂದದಂತೆ ಕೈದಿಯು ತನ್ನ ಹೆಸರು, ಹುದ್ದೆ, ಹುಟ್ಟಿದ ದಿನಾಂಕ ಮತ್ತು ಸೈನಿಕ ಸಂಖ್ಯೆಯನ್ನು ಮಾತ್ರ ಹೇಳಿದರೆ ಸಾಕು. ಆತನಿಗೆ ತಿಂಗಳಿಗಿಷ್ಟು ಎಂದು ಹಣ ಕೊಡಬೇಕು. ತಪ್ಪಿಸಿಕೊಂಡು ಸಿಕ್ಕಿಬಿದ್ದರೂ ಶಿಸ್ತಿನ ಶಿಕ್ಷೆಯಷ್ಟೇ, ಅದೂ ಮೂವತ್ತು ದಿನ ಮೀರಬಾರದು. ಕಾಗದದ ಮೇಲಿನ ಇಂಥ ನಿಯಮಗಳು ಶಿಬಿರದಲ್ಲಿ ಜೀವಂತವಾಗಿದ್ದವೇ? ಶಿಬಿರದ ಮೇಲ್ವಿಚಾರಕ ಸ್ಕ್ವಾಡ್ರನ್ ಲೀಡರ್ ಉಸ್ಮಾನ್ ಹಮೀದ್ ಸಜ್ಜನರಾಗಿದ್ದರು. ಆ ಡಿಸೆಂಬರ್‌ನ ಕ್ರಿಸ್‌ಮಸ್‌ಗೆ ಕೈದಿಗಳಿಗೆಂದು ಕೇಕ್ ತರಿಸಿದ್ದರು. ಎರಡು ವಾರದ ಹಿಂದೆ ಪರಸ್ಪರ ಗುಂಡು ಹಾರಿಸುತ್ತಿದ್ದವರು ಇವರು!

ಹೀಗಿದ್ದರೂ ಬಂಧನ ಬಂಧನವೇ. ಭಾರತದ ವಶದಲ್ಲಿ 90 ಸಾವಿರಕ್ಕೂ ಹೆಚ್ಚು ಪಾಕಿಸ್ತಾನಿ ಕೈದಿಗಳಿದ್ದರು. 1972ರ ಜುಲೈನಲ್ಲಿ ಶಿಮ್ಲಾ ಒಪ್ಪಂದವಾಯಿತು, ಕೈದಿಗಳ ಪ್ರಶ್ನೆ ಮಾತ್ರ ಬಗೆಹರಿಯಲಿಲ್ಲ. ಪಾರುಲ್ಕರ್ ಕಾಯುವ ಜಾಯಮಾನದವರಲ್ಲ. ಮಲ್ವಿಂದರ್ ಸಿಂಗ್ ಗ್ರೇವಾಲ್ ಮತ್ತು ಹರೀಶ್ ಸಿನ್ಹಜಿ ಅವರೊಂದಿಗೆ ಸೇರಿದರು. ಕೈದಿಗಳಿಗೆ ಕೊಟ್ಟ ಹಣವನ್ನು ಕೂಡಿಟ್ಟರು. ಸೂಜಿಗೆ ಕಾಂತತ್ವ ತುಂಬಿ ದಿಕ್ಸೂಚಿ ತಯಾರಾಯಿತು. ಕೋಣೆಯ ಗೋಡೆಯ ಇಟ್ಟಿಗೆಗಳ ನಡುವಿನ ಗಾರೆಯನ್ನು ರಾತ್ರಿಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕೆರೆದು ತೆಗೆದರು. ಭಾರತದ ಗಡಿಯತ್ತ ಹೋದರೆ ಸೈನ್ಯದ ಕಾವಲು ಎಂದು ಲೆಕ್ಕ ಹಾಕಿ ವಿರುದ್ಧ ದಿಕ್ಕಿನ ಆಫ್ಘಾನಿಸ್ತಾನವನ್ನು ಆರಿಸಿಕೊಂಡರು. ಹಿಂದೆ ಉಳಿಯುವ ಒಂಬತ್ತು ಮಂದಿಯ ಮೇಲೆ ಕಾವಲುಗಾರರ ಸಿಟ್ಟು ತಿರುಗಬಹುದಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಾಹಸದ ಕಥೆ ಹೇಳುವವರು ಆ ಒಂಬತ್ತು ಮಂದಿಯನ್ನು ಬೇಗ ಮರೆತುಬಿಡುತ್ತಾರೆ ಎಂಬುದು ನನ್ನ ಅಭಿಪ್ರಾಯ.

1972ರ ಆಗಸ್ಟ್ 13ರ ನಸುಕಿಗೆ ಮುಂಚೆ, ಬಿರುಗಾಳಿ ಮಳೆಯ ನಡುವೆ ಮೂವರೂ ಹೊರಬಿದ್ದರು. ಬಸ್ಸು ಹಿಡಿದು ಪೇಶಾವರ, ಅಲ್ಲಿಂದ ಜಮ್ರೂದ್, ಮುಂದೆ ಖೈಬರ್ ಕಣಿವೆಯ ಲಂಡಿ ಕೋತಲ್. ಬೆಳಿಗ್ಗೆ ಅಲ್ಲಿಗೆ ತಲುಪಿದಾಗ ಗಡಿ ಕೂಗಳತೆಯಲ್ಲಿತ್ತು ಎನ್ನಬೇಕು, ಕೆಲವೇ ಮೈಲಿ.

ಅವರ ಹತ್ತಿರ ಇದ್ದದ್ದು ಹಳೆಯ ಅಟ್ಲಾಸ್‌ನ ಜ್ಞಾನ. ಅದರಲ್ಲಿ ರೈಲು ಮಾರ್ಗ ಲಂಡಿ ಖಾನಾ ಎಂಬಲ್ಲಿಗೆ ಮುಗಿಯುತ್ತಿತ್ತು. ಲಂಡಿ ಖಾನಾಕ್ಕೆ ಹೋಗುವುದು ಹೇಗೆ ಎಂದು ಅವರು ವಿಚಾರಿಸಿದರು. ಅಸಲಿಗೆ 1926ರಲ್ಲಿ ಬ್ರಿಟಿಷರು ಅಲ್ಲಿಯವರೆಗೆ ಹಳಿ ಹಾಕಿದ್ದರಾದರೂ 1932ರಲ್ಲೇ ಆ ತುಣುಕನ್ನು ಮುಚ್ಚಿದ್ದರು. ನಾಲ್ವತ್ತು ವರ್ಷಗಳಿಂದ ರೈಲೇ ಹೋಗದ ನಿಲ್ದಾಣವನ್ನು ಕೇಳುವ ಈ ಅಪರಿಚಿತರು ಯಾರು? ತಹಶೀಲ್ದಾರ್ ಕಚೇರಿಯ ಗುಮಾಸ್ತನೊಬ್ಬನಿಗೆ ಸಂಶಯ ಬಂತು. ಮೂವರನ್ನೂ ಕಚೇರಿಗೆ ಕರೆದೊಯ್ದರು.

ತಾವು ಪಾಕಿಸ್ತಾನಿ ವಾಯುಸೇನೆಯ ಕ್ರೈಸ್ತ ಸಿಬ್ಬಂದಿ ಎಂದು ಅವರು ಹೇಳಿಕೊಂಡರು. ತಹಶೀಲ್ದಾರ್ ನಂಬಲಿಲ್ಲ. ಆ ಗುಡ್ಡಗಾಡಿನಲ್ಲಿ ಗೂಢಚಾರರೆಂದು ತಿಳಿದರೆ ಏನೂ ಆಗಬಹುದಿತ್ತು. ಆಗ ಪಾರುಲ್ಕರ್ ಒಂದು ಫೋನ್ ಕರೆಗೆ ಅವಕಾಶ ಕೇಳಿದರು. ಯಾರಿಗೆ ಗೊತ್ತೇ? ಉಸ್ಮಾನ್ ಹಮೀದ್ ಅವರಿಗೆ! ಅಷ್ಟರಲ್ಲಿ ಅವರು ಶಿಬಿರ ಬಿಟ್ಟು ಪೇಶಾವರದಲ್ಲಿ ಪಾಕಿಸ್ತಾನಿ ವಾಯುಸೇನಾ ಮುಖ್ಯಸ್ಥರ ಎಡಿಸಿ ಆಗಿದ್ದರು. ಧ್ವನಿ ಕೇಳಿದ ಕೂಡಲೇ ಅವರಿಗೆ ವಿಷಯ ಅರ್ಥವಾಯಿತು. ಇವರನ್ನು ಬಂಧನದಲ್ಲಿಡಿ, ಆದರೆ ಹೊಡೆಯಬೇಡಿ ಎಂದು ತಹಶೀಲ್ದಾರ್‌ಗೆ ಸೂಚಿಸಿದರು. ತನ್ನ ದೇಶದ ಕರ್ತವ್ಯವನ್ನೂ ಮಾಡಿದರು, ಮೂರು ಜೀವಗಳನ್ನೂ ಕಾಪಾಡಿದರು. ನನಗೆ ಈ ಇಡೀ ಪ್ರಸಂಗದಲ್ಲಿ ಗೋಡೆ ಕೊರೆದದ್ದಕ್ಕಿಂತ ಈ ಫೋನ್ ಕರೆಯೇ ದೊಡ್ಡದಾಗಿ ಕಾಣುತ್ತದೆ. ಸೆರೆಯಲ್ಲಿಟ್ಟವನ ಒಳ್ಳೆಯತನದ ಮೇಲೆ ಸೆರೆಯಾಳಿಗೆ ಅಷ್ಟು ಭರವಸೆ ಇತ್ತು.

ಮೂವರಿಗೂ ಒಂಟಿ ಕೋಣೆಯ ಶಿಕ್ಷೆಯಾಯಿತು, ಮೂವತ್ತು ದಿನ, ಒಪ್ಪಂದ ಹೇಳಿದಷ್ಟೇ. ಮುಂದೆ ಎಲ್ಲರನ್ನೂ ಲಯಾಲ್‌ಪುರದ ಜೈಲಿಗೆ ಸಾಗಿಸಿದರು. ಇಂದು ಆ ಊರಿನ ಹೆಸರು ಫೈಸಲಾಬಾದ್. 1972ರ ಡಿಸೆಂಬರ್ 1ರಂದು ಪಾರುಲ್ಕರ್ ಮತ್ತು ಸಂಗಾತಿಗಳು ವಾಘಾ ಗಡಿ ದಾಟಿ ಸ್ವದೇಶಕ್ಕೆ ಕಾಲಿಟ್ಟರು. ಸೆರೆಯಲ್ಲಿ ತೋರಿದ ಧೈರ್ಯಕ್ಕಾಗಿ ಪಾರುಲ್ಕರ್ ಅವರಿಗೆ ವಿಶಿಷ್ಟ ಸೇವಾ ಪದಕ ಸಂದಿತು. ಗ್ರೂಪ್ ಕ್ಯಾಪ್ಟನ್ ಆಗಿ ನಿವೃತ್ತರಾದ ಅವರು 2024ರ ಆಗಸ್ಟ್‌ನಲ್ಲಿ ಪುಣೆಯಲ್ಲಿ ತೀರಿಕೊಂಡರು. ಲಂಡಿ ಕೋತಲ್‌ನ ಆ ಬೆಳಗಿಗೆ ಆಗ 52 ವರ್ಷ.