ಮುಳುಗುವ ಮುಂಚಿನ ದೂರು

ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಲಾಂಚಿನಲ್ಲಿ ಹೋದವರಿಗೆ ಆ ದಾರಿ ಚೆನ್ನಾಗಿ ಗೊತ್ತು. ಊರಿನಿಂದ ಯಾರೇ ನೆಂಟರು ಬರಲಿ, ಮುಂಬಯಿ ಕನ್ನಡಿಗರಾದ ನಾವು ತಪ್ಪದೆ ಕರಕೊಂಡು ಹೋಗುವ ಜಾಗ ಅದು. 2024ರ ಡಿಸೆಂಬರ್ 18ರಂದು ಸಂಜೆ ನಾಲ್ಕರ ಸುಮಾರಿಗೆ ಅದೇ ದಾರಿಯಲ್ಲಿ ‘ನೀಲ್ ಕಮಲ್’ ಎಂಬ ಲಾಂಚಿಗೆ ನೌಕಾಪಡೆಯ ಸ್ಪೀಡ್ ಬೋಟು ಗುದ್ದಿ 15 ಜನ ಸತ್ತರು. ಎಂಜಿನ್ ಪರೀಕ್ಷೆ ನಡೆಯುತ್ತಿತ್ತು, ಹಿಡಿತ ತಪ್ಪಿತು ಎಂದು ನೌಕಾಪಡೆ ಹೇಳಿತು. ಸತ್ತವರಲ್ಲಿ ನೌಕಾಪಡೆಯವರೂ ಇದ್ದರು. ಲಾಂಚಿಗೆ ಇದ್ದ ಪರವಾನಗಿ 84 ಪ್ರಯಾಣಿಕರಿಗೆ. ಒಳಗಿದ್ದವರು ನೂರಕ್ಕೂ ಹೆಚ್ಚು.

ಆ ವಿಡಿಯೋ ನೀವೂ ನೋಡಿರಬೇಕು. ಸ್ಪೀಡ್ ಬೋಟು ನೀರಿನಲ್ಲಿ ಗಿರಕಿ ಹೊಡೆಯುತ್ತಾ ಲಾಂಚಿನ ಕಡೆಗೆ ತಿರುಗುವುದನ್ನು ಪ್ರಯಾಣಿಕರೊಬ್ಬರು ಮೊಬೈಲಿನಲ್ಲಿ ಹಿಡಿದಿದ್ದರು. ಕೊಲಾಬಾ ಠಾಣೆಯಲ್ಲಿ ಕೇಸು ದಾಖಲಾದದ್ದೂ ಒಬ್ಬ ಪ್ರಯಾಣಿಕರ ದೂರಿನ ಮೇಲೆಯೇ. ಹಚ್ಚಿದ ಕಲಮುಗಳಲ್ಲಿ ಒಂದು ಭಾರತೀಯ ನ್ಯಾಯ ಸಂಹಿತೆಯ 282, ಅಂದರೆ ಅಜಾಗರೂಕತೆಯಿಂದ ಜಲವಾಹನ ನಡೆಸುವುದು.

ಈ ಕಲಮು ಹೊಸದೇನಲ್ಲ. 1860ರಲ್ಲಿ ಆಗಿ 1862ರ ಜನವರಿ 1ರಿಂದ ಜಾರಿಗೆ ಬಂದ ಇಂಡಿಯನ್ ಪೀನಲ್ ಕೋಡಿನಲ್ಲಿ ಇದೇ ಅಪರಾಧಕ್ಕೆ 280ನೇ ಕಲಮು ಇತ್ತು. ಅದರ ಜೊತೆಗೇ 282: ಜೀವಕ್ಕೆ ಅಪಾಯವಾಗುವಷ್ಟು ಭಾರ ಹೇರಿದ ಅಥವಾ ಸುಸ್ಥಿತಿಯಲ್ಲಿಲ್ಲದ ದೋಣಿಯಲ್ಲಿ ಬಾಡಿಗೆಗೆ ಜನರನ್ನು ಸಾಗಿಸುವುದು. (ಹೊಸ ಸಂಹಿತೆಯಲ್ಲಿ ಅದು 284. ನಂಬರು ಅದಲುಬದಲಾಗಿ ವಕೀಲರಿಗೇ ತಲೆ ಕೆಟ್ಟಿದೆ.) ಎರಡನ್ನೂ ಗಮನವಿಟ್ಟು ಓದಿ ನೋಡಿ. ಯಾರಾದರೂ ಸಾಯಬೇಕು, ದೋಣಿ ಮುಳುಗಬೇಕು ಎಂದು ಎಲ್ಲೂ ಬರೆದಿಲ್ಲ. ಜೀವಕ್ಕೆ ಅಪಾಯ ಒಡ್ಡಿದರೆ ಸಾಕು, ಆರು ತಿಂಗಳವರೆಗೆ ಜೈಲು. ಅಂದರೆ ಮುಳುಗುವ ಮುಂಚೆಯೇ ದೂರು ಕೊಡುವ ಹಾದಿ ನಮ್ಮ ಮುತ್ತಜ್ಜನ ಕಾಲದಿಂದ ತೆರೆದೇ ಇದೆ. ಆ ಹಾದಿಯಲ್ಲಿ ನಡೆದವರು ಎಷ್ಟು ಮಂದಿ, ನಡೆದವರಿಗೆ ಏನಾಯಿತು ಎನ್ನುವುದೇ ನನ್ನನ್ನು ಕಾಡುವ ಪ್ರಶ್ನೆ.

ಆ ಕಾನೂನು ನಮಗೆ ಕೊಟ್ಟ ಇಂಗ್ಲೆಂಡಿನಲ್ಲೇ ಆಗ ದೂರು ಕೊಟ್ಟವನಿಗೆ ಜೈಲು! ಕರಾರಿಗೆ ಸಹಿ ಹಾಕಿದ ನಾವಿಕ, ಹಡಗು ಕೊಳೆತಿದೆ, ಭಾರ ಹೆಚ್ಚಾಗಿದೆ, ನಾನು ಹತ್ತುವುದಿಲ್ಲ ಎಂದರೆ ಅವನನ್ನೇ ಒಳಗೆ ಹಾಕುತ್ತಿದ್ದರು. ಹಡಗಿಗೆ ವಿಮೆ ಇತ್ತು, ಮುಳುಗಿದರೆ ಮಾಲೀಕನಿಗೆ ನಷ್ಟವಿಲ್ಲ. ಅಂಥ ಹಡಗುಗಳಿಗೆ ಜನ ಇಟ್ಟ ಹೆಸರೇ ಶವಪೆಟ್ಟಿಗೆ ಹಡಗು. ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಕಲ್ಲಿದ್ದಲು ವ್ಯಾಪಾರಿ ಪಾರ್ಲಿಮೆಂಟಿಗೆ ಆರಿಸಿ ಬಂದು ಇದನ್ನೇ ಹಿಡಿದು ಕೂತ. 1875ರ ಜುಲೈಯಲ್ಲಿ ಡಿಸ್ರೇಲಿ ಸರಕಾರ ಮಸೂದೆಯನ್ನು ಮುಂದೂಡಿದಾಗ ಸಭೆಯಲ್ಲೇ ಮುಷ್ಟಿ ಬೀಸಿ, ಮಾಲೀಕರನ್ನು ದುಷ್ಟರೆಂದು ಕೂಗಾಡಿದ. ಆಮೇಲೆ ಕ್ಷಮೆ ಕೇಳಬೇಕಾಯಿತು. ಆದರೆ 1876ರಲ್ಲಿ ಕಾನೂನು ಬಂತು. ಹಡಗಿನ ಮೈಮೇಲೆ ಒಂದು ಗೆರೆ, ನೀರು ಅದಕ್ಕಿಂತ ಮೇಲೆ ಬಂದರೆ ಭಾರ ಹೆಚ್ಚಾಯಿತೆಂದು ಅರ್ಥ. ಮೊದಲಿಗೆ ಗೆರೆ ಎಲ್ಲಿ ಎಳೆಯಬೇಕೆಂಬುದು ಮಾಲೀಕನ ಇಷ್ಟಕ್ಕೇ ಬಿಟ್ಟದ್ದು. ಒಬ್ಬ ಕ್ಯಾಪ್ಟನ್ ಅದನ್ನು ಹೊಗೆಕೊಳವೆಯ ಮೇಲೆ ಬಳಿದನಂತೆ! 1890ರಲ್ಲಿ ಸರಕಾರ ಆ ಜಾಗ ನಿಗದಿ ಮಾಡಿತು. ನನ್ನ ದೃಷ್ಟಿಯಲ್ಲಿ ಆ ಗೆರೆಯ ದೊಡ್ಡ ಉಪಕಾರ ಇದು: ದಡದಲ್ಲಿ ನಿಂತ ಅಕ್ಷರ ಬಾರದ ಹಮಾಲನೂ ಬೆರಳು ತೋರಿಸಿ ‘ನೋಡಿ, ಮುಳುಗಿದೆ’ ಎನ್ನಬಹುದಾಯಿತು. ದೂರಿಗೆ ಒಂದು ಸಾಕ್ಷಿ ಸಿಕ್ಕಿತು.

ಮುಂಬಯಿಗೆ ಬರೋಣ. ಇಲ್ಲಿಯ ಹಳಬರ ಬಾಯಲ್ಲಿ ‘ರಾಮದಾಸ್’ ಎಂಬ ಹೆಸರು ಈಗಲೂ ಇದೆ. 1947ರ ಜುಲೈ 17. ಸ್ವಾತಂತ್ರ್ಯಕ್ಕೆ ಪೂರಾ ಒಂದು ತಿಂಗಳೂ ಉಳಿದಿರಲಿಲ್ಲ. ಗಟಾರಿ ಅಮಾವಾಸ್ಯೆಗೆ ಊರಿಗೆ ಹೊರಟ ಕೊಂಕಣದ ಜನ ಭಾವುಚಾ ಧಕ್ಕಾದಲ್ಲಿ ಬೆಳಿಗ್ಗೆ ರೇವಸ್‌ಗೆ ಹೋಗುವ ಆ ಹಡಗು ಹತ್ತಿದರು. ಮಳೆಗಾಲ, ಗಾಳಿ ಬೇರೆ. ದೊಡ್ಡ ತೆರೆಯೊಂದು ಬಡಿದಾಗ ಹೆದರಿದ ಜನ ಒಂದೇ ಬದಿಗೆ ಓಡಿದರು, ಹಡಗು ಮಗುಚಿತು. 600ಕ್ಕೂ ಹೆಚ್ಚು ಜನ ಹೋದರು. ಹಡಗಿನಲ್ಲಿ ವೈರ್‌ಲೆಸ್ ಇರಲಿಲ್ಲ. ನಗರ ಕಣ್ಣಳತೆಯ ದೂರದಲ್ಲೇ ಇದ್ದರೂ ಸುದ್ದಿ ದಡ ಮುಟ್ಟಲು ಮಧ್ಯಾಹ್ನವಾಯಿತು, ಅದೂ ಈಜಿ ಬದುಕಿ ಬಂದವರ ಬಾಯಿಂದ. ಇದೇ ದಾರಿಯಲ್ಲಿ 1927ರ ನವೆಂಬರ್ 11ರಂದು ‘ಜಯಂತಿ’, ‘ತುಕಾರಾಂ’ ಎಂಬ ಎರಡು ಹಡಗುಗಳು ಒಂದೇ ದಿನ ಮುಳುಗಿದ್ದವು. ಇಪ್ಪತ್ತು ವರ್ಷದಲ್ಲಿ ನಮ್ಮ ಜನ ಅದನ್ನು ಮರೆತಿದ್ದರು ಅಂತೀರಾ? ಮರೆತಿರಲಿಕ್ಕಿಲ್ಲ. ಊರಿಗೆ ಹೋಗಬೇಕಲ್ಲ, ಬೇರೆ ದಾರಿ ಇರಲಿಲ್ಲ.

ಇದು ನಮಗೂ ಹೊಸ ಮಾತಲ್ಲ. ಉತ್ತರ ಕನ್ನಡದವನಾದ ನಾನು ಸೇತುವೆಗಳಿಲ್ಲದ ಕಾಲದಲ್ಲಿ ತಾರಿ ದಾಟಿ ಬೆಳೆದವನು. ತಾರಿಯವನು ಜನರನ್ನು ಎಣಿಸುತ್ತಿರಲಿಲ್ಲ, ಆದರೆ ಎಲ್ಲರ ಹೆಸರೂ ಅವನಿಗೆ ಗೊತ್ತಿತ್ತು. ‘ಇನ್ನು ಸಾಕು ಮಾರಾಯಾ, ಮುಂದಿನ ಸಲ ಬಾ’ ಎಂದು ಬುಟ್ಟಿಯವಳನ್ನೂ ಮಾಸ್ತರರನ್ನೂ ಒಂದೇ ದನಿಯಲ್ಲಿ ನಿಲ್ಲಿಸುತ್ತಿದ್ದ. ಅವನು ಲೈಸೆನ್ಸು ಕಂಡವನಲ್ಲ. ಅವನ ಅಂಕೆ ಇದ್ದದ್ದು ಊರಿನ ಬಾಯಲ್ಲಿ. ಪ್ರವಾಸಿಗರ ಬೋಟಿನಲ್ಲಿ ಆ ಅಂಕೆ ಇಲ್ಲ. ಹತ್ತಿದವರು ಮತ್ತೆಂದೂ ಬರುವವರಲ್ಲ, ನಡೆಸುವವನಿಗೆ ಅವರ ಮುಖವೂ ನೆನಪಿರುವುದಿಲ್ಲ.

ಕಾರವಾರದ ಕೂರ್ಮಗಡ ನಡುಗಡ್ಡೆಯ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ಬೋಟು 2019ರ ಜನವರಿ 21ರಂದು ಮಗುಚಿ 16 ಜನ ಸತ್ತಾಗ ನನಗೆ ಇಲ್ಲಿ ಎರಡು ದಿನ ಊಟ ಸೇರಲಿಲ್ಲ. ಸತ್ತವರಲ್ಲಿ ಹಾವೇರಿ ಕಡೆಯ ಒಂದೇ ಕುಟುಂಬದ ಹಲವರು. ಸಮುದ್ರ ಕಂಡವರಲ್ಲ, ದೇವರಿಗೆಂದು ಬಂದವರು. ಬೋಟಿನಲ್ಲಿ ಮಿತಿಗಿಂತ ಹೆಚ್ಚು ಜನ. ಕೇರಳದ ತಾನೂರಿನಲ್ಲಿ 2023ರ ಮೇ 7ರಂದು 22 ಜನ ಸತ್ತದ್ದು ಇನ್ನೂ ಸಂಕಟದ ಕಥೆ. ಅದು ಮೀನುಗಾರಿಕೆ ದೋಣಿಯನ್ನೇ ತಿದ್ದಿ ಮಾಡಿದ ಪ್ರವಾಸಿ ಬೋಟು. ಅದರ ಬಗ್ಗೆ ಮೊದಲೇ ಎಚ್ಚರಿಸಿದ್ದೆವು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಊರವರು ಆಮೇಲೆ ಹೇಳಿದರು.

ಕಿವಿಗೆ ಹಾಕಿಕೊಳ್ಳದಿರುವುದು ಹೇಗಿರುತ್ತದೆ ಎಂದು ನಾನೂ ಕಂಡಿದ್ದೇನೆ. ಕೆಲವು ವರ್ಷದ ಹಿಂದೆ ಇಲ್ಲಿಯ ಒಂದು ಕಡಲತೀರದಲ್ಲಿ ಜೆಟ್ ಸ್ಕೀ ಹುಡುಗರು ಈಜುವ ಮಕ್ಕಳ ನಡುವೆಯೇ ನುಗ್ಗಿಸುತ್ತಿದ್ದರು. ಹತ್ತಿರದ ಕಚೇರಿಗೆ ಹೋಗಿ ಹೇಳಿದೆ. ಕೂತಿದ್ದಾತ ಸಾವಧಾನವಾಗಿ ಕೇಳಿದ: ‘ಕಾಹೀ ಝಾಲಂ ಕಾ?’ ಏನಾದರೂ ಆಯಿತೇ? ಇನ್ನೂ ಇಲ್ಲ ಎಂದೆ. ‘ಮಗ್?’ ಎಂದ. ಹಾಗಾದರೆ? ಮುಂದೆ ಮಾತೇ ಇಲ್ಲ. ಬೋಟಿನ ನಂಬರು ಕೇಳಿದ, ಆದರೆ ಆ ಜೆಟ್ ಸ್ಕೀಗಳ ಮೇಲೆ ನಂಬರೇ ಇರಲಿಲ್ಲ!

ಜೆಟ್ ಸ್ಕೀ ಬಗ್ಗೆ ಒಂದು ಮಾತು. ಆ ಹೆಸರು ಕವಾಸಾಕಿ ಕಂಪನಿಯದು, 1970ರ ದಶಕದಲ್ಲಿ ಮಾರುಕಟ್ಟೆಗೆ ಬಂದದ್ದು. ಇದಕ್ಕೆ ಹೊರಗೆ ತಿರುಗುವ ಪಂಕವೂ ಇಲ್ಲ, ಚುಕ್ಕಾಣಿಯೂ ಇಲ್ಲ. ಒಳಗಿನ ಪಂಪು ನೀರನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ಆ ಚಿಮ್ಮುವ ನೀರಿನ ದಿಕ್ಕು ಬದಲಿಸಿಯೇ ಗಾಡಿ ತಿರುಗಬೇಕು. ಹಾಗಾಗಿ ಎದುರಿಗೆ ಯಾರೋ ಕಂಡರೆಂದು ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ತಿರುಗುವ ಶಕ್ತಿಯೂ ಹೋಗುತ್ತದೆ, ಗಾಡಿ ನೆಟ್ಟಗೆ ಮುಂದಕ್ಕೇ ಜಾರುತ್ತದೆ. ಸ್ಕೂಟರ್ ಓಡಿಸಿದ ಅಭ್ಯಾಸ ಇಲ್ಲಿ ಜೀವ ತೆಗೆಯುತ್ತದೆ. ಐದು ನಿಮಿಷದ ಬಾಡಿಗೆಗೆ ಕೊಡುವವನು ಇದನ್ನು ಹೇಳಿಕೊಟ್ಟದ್ದನ್ನು ನಾನಂತೂ ನೋಡಿಲ್ಲ.

ಇಷ್ಟಕ್ಕೂ ಯಾರಿಗೆ ಹೇಳುವುದು? ಮುಂಬಯಿ ಬಂದರಿನಲ್ಲಿ ಲಾಂಚುಗಳನ್ನು ನೋಡಿಕೊಳ್ಳುವುದು 1996ರಲ್ಲಿ ಆದ ಮಹಾರಾಷ್ಟ್ರ ಮೆರಿಟೈಮ್ ಬೋರ್ಡ್, ಹಡಗುದಾರಿ ಪೋರ್ಟಿನವರದು, ಕೇಸು ಪೊಲೀಸರದು, ಪಕ್ಕದಲ್ಲೇ ನೌಕಾಪಡೆ. ರಸ್ತೆಯಲ್ಲಾದರೆ ಚೌಕದಲ್ಲಿ ಹವಾಲ್ದಾರ ಕಾಣುತ್ತಾನೆ, ನೀರಿನ ಮೇಲೆ ಗಡಿಯೂ ಕಾಣುವುದಿಲ್ಲ, ಅಧಿಕಾರಿಯೂ ಕಾಣುವುದಿಲ್ಲ. 2008ರ ನವೆಂಬರ್ 26ರ ದಾಳಿಯವರು ರಬ್ಬರ್ ದೋಣಿಯಲ್ಲಿ ಮೀನುಗಾರರ ಬಡಾವಣೆಯಲ್ಲೇ ಇಳಿದ ಮೇಲೆ ಕರಾವಳಿ ಪೊಲೀಸ್ ವ್ಯವಸ್ಥೆಗೆ ಸ್ವಲ್ಪ ಜೀವ ಬಂತು. ಈಗ ಕರಾವಳಿ ಪೊಲೀಸರಿಗೆ 1093, ಕೋಸ್ಟ್ ಗಾರ್ಡಿಗೆ 1554, ಯಾವುದೂ ನೆನಪಾಗದಿದ್ದರೆ 112. ಕರ್ನಾಟಕದ ಕರಾವಳಿಯಲ್ಲೂ 1093 ನಡೆಯುತ್ತದೆ. ರಜೆಗೆ ಮಲ್ಪೆ, ಮುರ್ಡೇಶ್ವರ ಎಂದು ಹೋಗುವವರು ಬರೆದಿಟ್ಟುಕೊಳ್ಳಿ.

ನಾನು ಈಗ ಲಾಂಚು ಹತ್ತುವ ಮುಂಚೆ ಅದರ ಹೆಸರು, ನಂಬರು, ಎಷ್ಟು ಜನರಿಗೆ ಪರವಾನಗಿ ಎಂದು ಬರೆದ ಹಲಗೆ, ಈ ಮೂರರ ಫೋಟೋ ತೆಗೆಯುತ್ತೇನೆ. ಮನೆಯಾಕೆಗೆ ಇದು ನಾಚಿಕೆಗೇಡು. ಕಳೆದ ಸಲ ಹಲಗೆಯ ಮೇಲೆ ಯಾರೋ ಲೈಫ್ ಜಾಕೆಟ್ ನೇತುಹಾಕಿದ್ದರು. ಸರಿಸಿ ತೆಗೆದೆ. ಲಾಂಚಿನ ಹುಡುಗ ಮುಖ ನೋಡಿದ, ಏನೂ ಅನ್ನಲಿಲ್ಲ. ಆಮೇಲೆ ಬಂದ ನಾಲ್ಕು ಜನರನ್ನು ಮಾತ್ರ ಮುಂದಿನ ಲಾಂಚಿಗೆ ಕಳಿಸಿದ.